ಗಡಿ ಗದ್ದಲಕ್ಕೆ ನಮ್ಮ ಹುಡುಗರೇ ಬೇಕೆ?

ಗೋಕಾಕ, ಮೂಡಲಗಿ, ಹುಕ್ಕೇರಿಯ ಹಾಸ್ಟೆಲುಗಳಲ್ಲಿ ಓದುತ್ತಿರುವ ಗೆಳೆಯರೆ,

2022ರ ಡಿಸೆಂಬರ್ ತಿಂಗಳು ನಿಮಗೆ ನೆನಪಿರಬಹುದು. ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು. ಅತ್ತ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಆ ವಾರವೇ ನಮ್ಮ ಕಡೆಯ ಒಂದು ಹಾಸ್ಟೆಲಿನ ಮುಂದೆ ಒಂದು ಟೆಂಪೊ ಬಂದು ನಿಂತಿತು. ಒಳಗೆ ಬಾವುಟ, ಶಾಲು, ಒಂದು ಪಾತೇಲಿ ಪಲಾವು. ಇಳಿದು ಬಂದ ಮುಖಂಡ ಮೊದಲ ಸಲ ನಮ್ಮ ಹುಡುಗರ ಹೆಗಲ ಮೇಲೆ ಕೈ ಹಾಕಿ ಮಾತಾಡಿದ.

"ತಾಯಿ ಭಾಷಾಕ್ಕ ಅವಮಾನ ಆಗೈತಿ ತಮ್ಮಾ. ನಿಮ್ಮ ರಕ್ತ ಕುದಿಯೂದಿಲ್ಲೇನು? ಹತ್ರಿ ಗಾಡಿ."

ಬಿ.ಎ. ಎರಡನೆಯ ವರ್ಷದ ಒಬ್ಬ ಹುಡುಗ ಕೇಳಿದ: "ಸಾವ್ಕಾರ್ರ, ನಮ್ಮ ಊರಾಗ ನಮ್ಮ ಮಂದಿ ಸುಡಗಾಡಿಗೆ ದಾರಿ ಇಲ್ರಿ. ಮಂದಿ ಹೊಲದ ಬದುವಿನ ಮ್ಯಾಲ ಬೈಸ್ಕೊಂಡು ಹೆಣ ಒಯ್ತೀವ್ರಿ. ಅದಕ್ಕೂ ಒಂದಿನ ಗಾಡಿ ತರ್ತೀರೇನ್ರಿ?"

ಮುಖಂಡ ನಕ್ಕ. "ಅದು ಬ್ಯಾರೆ ವಿಷಯ ತಮ್ಮಾ," ಅಂದ.

ಆ 'ಬ್ಯಾರೆ ವಿಷಯ'ದ ಬಗ್ಗೆಯೇ ನಾನು ಬರೆಯಲು ಕೂತಿದ್ದೇನೆ.

1956ರಲ್ಲಿ ಮುಂಬಯಿ ರಾಜ್ಯದಲ್ಲಿದ್ದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅಂದು ಹತ್ತಿದ ಕಿಚ್ಚು ಆರಲಿಲ್ಲ. 1966ರಲ್ಲಿ ಮಹಾಜನ ಆಯೋಗ ಬಂತು, 1967ರಲ್ಲಿ ವರದಿ ಕೊಟ್ಟಿತು. 264 ಹಳ್ಳಿ ಪಟ್ಟಣ ಆ ಕಡೆಗೆ, 247 ಈ ಕಡೆಗೆ, ಬೆಳಗಾವಿ ಇಲ್ಲಿಯೇ ಇರಲಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಇದೆಲ್ಲ ನಿಮ್ಮ ಜನರಲ್ ನಾಲೆಜ್ ಪುಸ್ತಕದಲ್ಲಿ ಸಿಗುತ್ತದೆ. ಅದರಲ್ಲಿ ಸಿಗದ ಪ್ರಶ್ನೆ ಒಂದಿದೆ. ಹಳ್ಳಿಯನ್ನು ಎಣಿಸಿದರು, ಆಡುವ ನುಡಿಯನ್ನು ಎಣಿಸಿದರು. ಹಳ್ಳಿ ಯಾವ ರಾಜ್ಯಕ್ಕೆ ಹೋದರೂ ಊರ ಹೊರಗೇ ಉಳಿಯುವ ಕೇರಿಯನ್ನು ಯಾವ ಲೆಕ್ಕದಲ್ಲಿ ಬರೆದರು? ಸಂಕೇಶ್ವರದ ಆಚೆ ಈಚೆ ನಮ್ಮ ಮನೆಗಳಲ್ಲಿ ಅತ್ತೆ ಮರಾಠಿ ಆಡುತ್ತಾಳೆ, ಸೊಸೆ ಕನ್ನಡ ಆಡುತ್ತಾಳೆ. ಜತ್ತ, ಅಕ್ಕಲಕೋಟೆಯಲ್ಲಿ ಕನ್ನಡ ಆಡುವ ನಮ್ಮವರಿದ್ದಾರೆ. ಚಹದಂಗಡಿಯಲ್ಲಿ ಇವರಿಗೆಲ್ಲ ಬೇರೆ ಕಪ್ಪು ಇಟ್ಟವನು ಯಾವ ಭಾಷೆಯವನು ಅಂತ ಕೇಳಿ ನೋಡ್ರಿ. ಎರಡೂ ಭಾಷೆಯವನು.

1986ರ ಜೂನ್‌ನಲ್ಲಿ ಕನ್ನಡ ಕಡ್ಡಾಯದ ವಿರುದ್ಧ ಬೆಳಗಾವಿಯ ಬೀದಿಗಳಲ್ಲಿ ಚಳವಳಿ ನಡೆದು ಗೋಲಿಬಾರ್ ಆಯಿತು. ಹೆಣ ಬಿದ್ದವು. ಮರುವರ್ಷ, 1987ರಲ್ಲಿ, ಇದೇ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ಮೇಲ್ಜಾತಿಯವರು ದಲಿತರ ಬಾಯಿಗೆ ಮಲ ತುರುಕಿದರು. ಗೆಳೆಯರೆ, ಇದನ್ನು ಓದಿ ಸುಮ್ಮನೆ ಮುಂದಿನ ಸಾಲಿಗೆ ಹೋಗಬೇಡಿ. ಆ ಮಲ ತಿನ್ನಿಸಿದವರು ಕನ್ನಡದಲ್ಲಿಯೇ ಬೈದಿದ್ದಾರು. ತಿಂದವರು ಕನ್ನಡದಲ್ಲಿಯೇ ಕೈ ಮುಗಿದಿದ್ದಾರು. ಒಂದು ವರ್ಷ ಮೊದಲು ಭಾಷೆಗಾಗಿ ಅಂಗಡಿ ಬಂದ್ ಮಾಡಿಸಿದ ಎರಡೂ ಬಣದ ಶೂರರಲ್ಲಿ ಎಷ್ಟು ಮಂದಿ ಬೆಂಡಿಗೇರಿಯ ದಾರಿ ಹಿಡಿದರು? ದಾರಿ ಹಿಡಿದದ್ದು ದಲಿತ ಸಂಘರ್ಷ ಸಮಿತಿ. ಯಾಕೆಂದರೆ ಅದು ಅವರಿಗೆ 'ಬ್ಯಾರೆ ವಿಷಯ'.

ಭಾಷೆಯ ಹೆಮ್ಮೆ ನಮ್ಮ ಮೇಲೆ ತಿರುಗಿದ್ದೂ ಉಂಟು. 1973ರ ನವೆಂಬರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಒಂದು ಮಾತು. ಅದಕ್ಕೆ ಹೊಡೆಸಿಕೊಂಡವರು ಯಾರು? ಹಾಸ್ಟೆಲಿನಲ್ಲಿ ಮುದ್ದೆ ತಿನ್ನುತ್ತಿದ್ದ ದಲಿತ ಹುಡುಗರು, ಕನ್ನಡವನ್ನೇ ಆಡುವ ಹುಡುಗರು. ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಗಡಿಯ ಆಚೆಯೂ ಇದೇ ಕತೆ. 1978ರಲ್ಲಿ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಬಾಬಾಸಾಹೇಬರ ಹೆಸರಿಡಲು ಶಾಸನಸಭೆ ಠರಾವು ಮಾಡಿತು. ಮರಾಠಿ ಆಡುವ ದಲಿತರ ಗುಡಿಸಲುಗಳನ್ನು ಮರಾಠಿ ಆಡುವವರೇ ಸುಟ್ಟರು. ಹೆಸರು ಬರಲು 1994 ಆಗಬೇಕಾಯಿತು. ಹದಿನಾರು ವರ್ಷ! ಮರಾಠಿಯಲ್ಲಿ ಬರೆದ, ಮರಾಠಿಯಲ್ಲಿ ಪತ್ರಿಕೆ ನಡೆಸಿದ ಮನುಷ್ಯನ ಹೆಸರಿಗೆ ಮರಾಠಿ ಅಸ್ಮಿತೆ ತಡೆಯೊಡ್ಡಿತು.

ಬಾಬಾಸಾಹೇಬರು ಈ ಗಡಿ ಸೀಮೆಯನ್ನು ಬಲ್ಲವರು. 1925ರಲ್ಲಿ ನಮ್ಮ ಪಕ್ಕದ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪ್ರಾಂತಿಕ ಪರಿಷತ್ತಿನಲ್ಲಿ ಮಾತಾಡಿದವರು. 1929ರಲ್ಲಿ ಧಾರವಾಡದಲ್ಲಿ ನಮ್ಮ ಮಕ್ಕಳಿಗೆ ಹಾಸ್ಟೆಲು ತೆರೆಸಿದವರು. ನೀವು ಇವತ್ತು ಮಲಗುವ ಹಾಸ್ಟೆಲಿನ ಮೊದಲ ಇಟ್ಟಿಗೆ ಅಲ್ಲಿದೆ. ಅವರು ಭಾಷಾವಾರು ಪ್ರಾಂತ್ಯ ಬೇಡ ಅಂದವರಲ್ಲ. ಆದರೆ 1955ರಲ್ಲಿ ಆ ಬಗ್ಗೆ ಬರೆದ ಪುಸ್ತಕದಲ್ಲಿ ಎಚ್ಚರಿಸಿದರು: ಒಂದೊಂದು ಭಾಷೆಯ ಸೀಮೆಯಲ್ಲೂ ಒಂದೋ ಎರಡೋ ದೊಡ್ಡ ಜಾತಿಗಳಿರುತ್ತವೆ, ಭೂಮಿ ಅವರ ಕೈಯಲ್ಲಿ, ಊರಿನ ಅಧಿಕಾರ ಅವರ ಕೈಯಲ್ಲಿ, ಭಾಷೆಯ ರಾಜ್ಯ ಕಟ್ಟಿದಾಗ ಅದು ಅವರ ರಾಜ್ಯವಾಗುತ್ತದೆ, ರಾಜ್ಯ ದೊಡ್ಡದಾದಷ್ಟೂ ಚದುರಿದ ನಾವು ಸಣ್ಣವರಾಗುತ್ತೇವೆ. ಆಂಧ್ರದ ರೆಡ್ಡಿಗಳ, ಮಹಾರಾಷ್ಟ್ರದ ಮರಾಠರ ಉದಾಹರಣೆಯನ್ನೂ ಕೊಟ್ಟರು. ನಮ್ಮ ಮೂರು ತಾಲೂಕುಗಳಲ್ಲಿ ಯಾರ ಕಬ್ಬು, ಯಾರ ಫ್ಯಾಕ್ಟರಿ, ಯಾರ ಸೊಸೈಟಿ ಎಂದು ನಾನು ಬೇರೆ ಹೇಳಬೇಕೆ?

ಇದು ನಮ್ಮ ದೇಶದ ಪೀಡೆ ಮಾತ್ರ ಎಂದುಕೊಳ್ಳಬೇಡಿ. ಪಶ್ಚಿಮ ಆಫ್ರಿಕಾದಲ್ಲಿ ನೈಜೀರಿಯಾ ಎಂಬ ದೇಶವಿದೆ. ಬ್ರಿಟಿಷರು ಹೌಸಾ, ಯೊರುಬಾ, ಇಗ್ಬೊ ಎಂಬ ದೊಡ್ಡ ಬುಡಕಟ್ಟುಗಳನ್ನೂ ನೂರಾರು ಸಣ್ಣ ಬುಡಕಟ್ಟುಗಳನ್ನೂ ಒಂದೇ ಚೀಲಕ್ಕೆ ತುಂಬಿ ಹೋದರು. 1966ರಲ್ಲಿ ಉತ್ತರದ ಊರುಗಳಲ್ಲಿ ಇಗ್ಬೊಗಳ ಕಗ್ಗೊಲೆ ಆಯಿತು. 1967ರ ಮೇ ತಿಂಗಳಲ್ಲಿ, ಇಲ್ಲಿ ಮಹಾಜನರು ಹಳ್ಳಿ ಎಣಿಸುತ್ತಿದ್ದಾಗ, ಇಗ್ಬೊಗಳು ಬಯಾಫ್ರಾ ಎಂಬ ಪ್ರತ್ಯೇಕ ದೇಶ ಸಾರಿದರು. 1970ರ ಜನವರಿಯವರೆಗೆ ಯುದ್ಧ. ದಿಗ್ಬಂಧನದಲ್ಲಿ ಹಸಿದು ಸತ್ತವರೇ ಹೆಚ್ಚು, ಒಟ್ಟು ಹತ್ತು ಲಕ್ಷಕ್ಕೂ ಮೇಲೆ ಎಂದು ಅಂದಾಜು. ಇಗ್ಬೊಗಳ ಸಂಕಟ ಸುಳ್ಳಲ್ಲ. ಆದರೆ ಆ ಇಗ್ಬೊಗಳೊಳಗೇ 'ಓಸು' ಎಂಬ ಜನ ಇದ್ದಾರೆ. ಹಿಂದೆ ದೇವರಿಗೆ ಬಿಟ್ಟವರ ಸಂತತಿ. ಅವರೊಡನೆ ಸಂಬಂಧ ಬೆಳೆಸುವಂತಿಲ್ಲ. 1956ರಲ್ಲಿಯೇ ಅಲ್ಲಿ ಈ ಪದ್ಧತಿಯನ್ನು ಕಾನೂನಿನಿಂದ ರದ್ದು ಮಾಡಿದರು. ಮದುವೆ ಮಾತು ಬಂದಾಗ ಮಾತ್ರ ಇಂದಿಗೂ 'ಆ ಮನೆತನ ಯಾವುದು' ಎಂದು ವಿಚಾರಿಸುತ್ತಾರೆ. ಚಿನುವ ಅಚಿಬೆಯ 1960ರ ಕಾದಂಬರಿ 'ನೋ ಲಾಂಗರ್ ಅಟ್ ಈಸ್'ನಲ್ಲಿ ಲಂಡನ್ನಿಗೆ ಹೋಗಿ ಓದಿ ಬಂದ ಹುಡುಗ ಒಬ್ಬ ಓಸು ಹುಡುಗಿಯನ್ನು ಮದುವೆಯಾಗಲಾರದೆ ಹೋಗುತ್ತಾನೆ. ಲೈಬ್ರರಿಯಲ್ಲಿ ಸಿಕ್ಕರೆ ಓದಿ. ಅದು ನಮ್ಮ ಕೇರಿಯ ಕತೆ ಅನ್ನಿಸುತ್ತದೆ. ದೇವರಿಗೆ ಬಿಡುವುದು ಎಂದರೆ ಏನೆಂದು ಸವದತ್ತಿ ಎಲ್ಲಮ್ಮನ ಸೀಮೆಯವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಎರಡೂ ರಾಜ್ಯದ ಹುಡುಗಿಯರಿಗೆ ಅಲ್ಲಿ ಮುತ್ತು ಕಟ್ಟಿದರು. ಯಾವ ಗಡಿ ಹೋರಾಟಗಾರನೂ ಆಗ ಭಾಷೆ ಕೇಳಲಿಲ್ಲ.

ನೈಜೀರಿಯಾದಲ್ಲಿ ಇನ್ನೊಂದು ಇದೆ. ಈಗ ಅಲ್ಲಿ 36 ರಾಜ್ಯಗಳು. ಮೂರು ತಲೆಮಾರು ಒಂದೇ ಊರಿನಲ್ಲಿ ಬಾಳಿದರೂ ಅಜ್ಜನ ಮೂಲ ಬೇರೆ ಕಡೆಯದಾದರೆ 'ಇಲ್ಲಿಯ ಮೂಲದವನು' ಎಂಬ ಪತ್ರ ಸಿಗುವುದಿಲ್ಲ. ಪತ್ರ ಇಲ್ಲದಿದ್ದರೆ ಸರಕಾರಿ ನೌಕರಿಗೂ ಕಾಲೇಜು ಸೀಟಿಗೂ ತೊಡಕು. ಇದನ್ನು ಓದಿದಾಗ ನನಗೆ ನಮ್ಮ ತಾಲೂಕು ಕಚೇರಿಗಳ ಕಿಟಕಿ ಕಣ್ಣ ಮುಂದೆ ಬಂತು. ಪರಿಶಿಷ್ಟ ಜಾತಿಯ ಪಟ್ಟಿ ರಾಜ್ಯಕ್ಕೊಂದು. ಒಂದು ರಾಜ್ಯದಿಂದ ಇನ್ನೊಂದಕ್ಕೆ ವಲಸೆ ಹೋದವರಿಗೆ ಮೀಸಲಾತಿ ಹಿಂಬಾಲಿಸಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 1990ರಲ್ಲಿ ಹೇಳಿತು. ಮಹಾರ, ಮಾಂಗ ಎಂಬ ಹೆಸರು ಎರಡೂ ಪಟ್ಟಿಯಲ್ಲಿವೆ. ಆದರೂ ಗಡಹಿಂಗ್ಲಜದಿಂದ ಹುಕ್ಕೇರಿಗೆ ಸೊಸೆಯಾಗಿ ಬಂದ ನಮ್ಮ ಹುಡುಗಿ ಅರ್ಜಿ ಹಿಡಿದು ನಿಂತರೆ 'ನಿಮ್ಮ ಅಪ್ಪನ ಊರು ಮಹಾರಾಷ್ಟ್ರ ಐತಲ್ಲವಾ' ಅನ್ನುತ್ತಾರೆ. ಹದಿನೈದು ಮೈಲಿ ದಾಟಿದ್ದಕ್ಕೆ ಆಕೆಯ ಮೀಸಲಾತಿ ಹೋಯಿತು, ಅಸ್ಪೃಶ್ಯತೆ ಮಾತ್ರ ಜೊತೆಗೇ ಬಂತು. ಗಡಿ ಪ್ರಶ್ನೆ ಅಂದರೆ ನನಗೆ ಇದು.

ಹಾಗಾದರೆ ಕನ್ನಡ ಬೇಡವೆ ಎಂದು ಕೆಲವರು ಕಿರುಚಬಹುದು. ನಾನು ಕನ್ನಡದಲ್ಲಿ ಪದ್ಯ ಬರೆಯುವವನು. ನನ್ನವ್ವ ಕಬ್ಬಿನ ರವದಿ ಸುಲಿಯುತ್ತ ಹಾಡಿದ ಕನ್ನಡ ನನ್ನದು. ಅದನ್ನು ಯಾವ ಟೆಂಪೊದವನೂ ನನಗೆ ದಾನ ಕೊಟ್ಟಿಲ್ಲ. ಗೋಕಾಕ ಚಳವಳಿ ಅಂದಾಗ ನಮ್ಮೂರ ಹೆಸರೆಂದು ನಾವು ಎದೆ ಉಬ್ಬಿಸುತ್ತೇವೆ. ಅದು ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ಹೆಸರು, 1981ರ ಅವರ ವರದಿ ಜಾರಿಗೆ ಬರಲಿ ಎಂದು ನಡೆದ ಚಳವಳಿ. ಶಾಲೆಯಲ್ಲಿ ಕನ್ನಡ ಮೊದಲಾಗಲಿ, ನನ್ನ ತಕರಾರಿಲ್ಲ. ಆ ಶಾಲೆಯ ಬಿಸಿಯೂಟವನ್ನು ನಮ್ಮ ಹೆಂಗಸು ಬೇಯಿಸಿದರೆ ಮಕ್ಕಳನ್ನು ಮನೆಗೆ ಎಳೆದೊಯ್ಯುವವನ ಕನ್ನಡಕ್ಕೆ ನನ್ನ ತಕರಾರಿದೆ.

ಮುಂದಿನ ಸಲ ಗಾಡಿ ಬಂದರೆ ಹತ್ತಬೇಡಿ. ಕೇಸು ಬಿದ್ದಾಗ ಜಾಮೀನಿಗೆ ನಿಮ್ಮ ಅಪ್ಪ ಎಮ್ಮೆ ಮಾರಬೇಕು. ಅವರ ಮಕ್ಕಳು ಅವತ್ತು ಬೆಂಗಳೂರಿನಲ್ಲೋ ಪುಣೆಯಲ್ಲೋ ಇಂಗ್ಲಿಷ್ ಕ್ಲಾಸಿನಲ್ಲಿ ಕೂತಿರುತ್ತಾರೆ. ಅದರ ಬದಲು ಒಂದು ಕೆಲಸ ಮಾಡಿ. ನಿಮ್ಮ ಊರಿನಲ್ಲಿ ಗಡಿ ದಾಟಿ ಬಂದ ಕಾರಣಕ್ಕೆ ಜಾತಿ ಪತ್ರ ಸಿಗದವರು, ಸುಡಗಾಡಿಗೆ ದಾರಿ ಇಲ್ಲದ ಕೇರಿಗಳು ಎಷ್ಟಿವೆ, ಬರೆದುಕೊಳ್ಳಿ. ಅರ್ಜಿ ಯಾವಾಗ ಕೊಟ್ಟರು, ಏನು ಹೇಳಿ ಕಳಿಸಿದರು ಎಂಬುದೂ ಇರಲಿ. ಬರುವ ಸಭೆಗೆ ಬರುವಾಗ ಆ ಹಾಳೆಗಳನ್ನು ತನ್ನಿ. ಚಳಿಗಾಲದ ಅಧಿವೇಶನಕ್ಕೆ ಸುವರ್ಣ ಸೌಧದಲ್ಲಿ ಬೆಳಕು ಹತ್ತಿದಾಗ ಹೊರಗಿನ ರಸ್ತೆಯಲ್ಲಿ ಕೂತು ಅವನ್ನೇ ಓದೋಣ, ಕನ್ನಡದಲ್ಲೂ ಮರಾಠಿಯಲ್ಲೂ.