ಅಪ್ಪನ ರೇಡಿಯೋ, ಅಣ್ಣಾವ್ರ ದನಿ ಮತ್ತು ನಾಲ್ಕು ಅಂಕಿ!

ಹೊಸ ಚಿತ್ರವೊಂದರ ಮುಹೂರ್ತದಲ್ಲಿ ನಡೆದ ಒಳಗುಟ್ಟನ್ನು ಈ ವಾರ ಬಿಚ್ಚಿಡುತ್ತೇನೆ ಅಂತ ಮಾತು ಕೊಟ್ಟಿದ್ದೆ. ಕ್ಷಮಿಸಿ, ಗುಟ್ಟು ಇನ್ನೊಂದು ವಾರ ಗುಟ್ಟಾಗಿಯೇ ಇರಲಿ. ಈ ವಾರದ ನಮ್ಮ ಹೀರೋ ಗಾಂಧಿನಗರದವನಲ್ಲ. ಅವನಿಗೆ ಕಟೌಟ್ ಇಲ್ಲ, ಹಾರವಿಲ್ಲ, ಅಭಿಮಾನಿ ಸಂಘ ಮೊದಲೇ ಇಲ್ಲ. ಅವನು ನಮ್ಮಪ್ಪನ ಹಳೇ ಕಾರಿನ ರೇಡಿಯೋ!

ನಗಬೇಡಿ. ಕಥೆ ಕೇಳಿ.

ನಮ್ಮಪ್ಪ ಮಂಡ್ಯದಲ್ಲಿ ಒಂದು ಆಫೀಸಿನ ಡ್ರೈವರ್. ಜೀವನವಿಡೀ ಸಾಹೇಬರ ಕಾರು ಓಡಿಸಿದವರು 2009ರಲ್ಲಿ ಸ್ವಂತಕ್ಕೆ ಒಂದು ಸೆಕೆಂಡ್‌ಹ್ಯಾಂಡ್ ಕಾರು ತಂದರು. 2001ರ ಮಾಡೆಲ್. ಕಂಪನಿಯವರೇ ಕೂರಿಸಿದ ಕ್ಯಾಸೆಟ್ ರೇಡಿಯೋ ಅದರಲ್ಲಿತ್ತು. ಅಪ್ಪನಿಗೆ ಎಂಜಿನ್‌ಗಿಂತ ಅದರ ಮೇಲೇ ಪ್ರೀತಿ. ಭಾನುವಾರ ಬಂತೆಂದರೆ ಕಾರು ತೊಳೆದು, ಅಣ್ಣಾವ್ರ ಕ್ಯಾಸೆಟ್ ತುರುಕಿ, ಬೀದಿಗೆಲ್ಲಾ ಕೇಳುವ ಹಾಗೆ ಹಾಕೋರು. ನಾನು ಪಿಯುಸಿ ಅರ್ಧಕ್ಕೆ ಬಿಟ್ಟು ‘ಸಿನಿಮಾ ಪತ್ರಕರ್ತ ಆಗ್ತೀನಿ’ ಅಂದ ದಿನದಿಂದ ನಮ್ಮಿಬ್ಬರ ಮಾತು ನಿಂತುಹೋಯಿತು. ಊರಿಗೆ ಹೋದಾಗ ಬಸ್‌ಸ್ಟ್ಯಾಂಡಿಗೆ ಕಾರು ತರೋರು, ಕರ್ಕೊಂಡು ಹೋಗೋರು. ಆದರೆ ದಾರಿಯುದ್ದಕ್ಕೂ ಮಾತಾಡಿದ್ದು ರೇಡಿಯೋ ಒಂದೇ! 2021ರಲ್ಲಿ ಅಪ್ಪ ಹೋದರು. ಕಾರು ಶೆಡ್ಡಿನಲ್ಲಿ ಧೂಳು ತಿನ್ನುತ್ತಾ ನಿಂತಿತು.

ಈಚೆಗೆ ಮಾವ ಒಬ್ಬ ಗಿರಾಕಿ ತಂದರು. ‘ಮಾರ್ಬುಡು ಕಣ್ಲಾ, ಗುಜರಿಗೆ ಹೋಗೋ ಮುಂಚೆ’ ಅಂದರು. ಅವ್ವ ಬೇಡ ಅನ್ನಲಿಲ್ಲ. ‘ಮಾರೋ ಮೊದ್ಲು ಒಂದ್ಸಲ ಚಾಮುಂಡಿ ಬೆಟ್ಟಕ್ಕೆ ಕರ್ಕೊಂಡೋಗು ಮಗಾ. ನಿಮ್ಮಪ್ಪ ಹಾಕ್ತಿದ್ದ ಹಾಡು ಹಾಕ್ಕೊಂಡು’ ಅಂದಳು. ಅಷ್ಟೇ. ಇದಕ್ಕಿಂತ ಸುಲಭದ ಕೆಲಸ ಇದೆಯೇ? ಜೇಬಿನ ಫೋನಿನಲ್ಲಿ ಅಣ್ಣಾವ್ರ ನೂರಾರು ಹಾಡುಗಳಿವೆ!

ಬ್ಯಾಟರಿ ಸತ್ತಿತ್ತು, ಹೊಸದು ಹಾಕಿಸಿದೆ. ಎಂಜಿನ್ ಕೆಮ್ಮಿ ಎದ್ದಿತು. ರೇಡಿಯೋ ಗುಂಡಿ ಒತ್ತಿದರೆ... ಹಾಡಿಲ್ಲ, ಗೊರಗೊರವೂ ಇಲ್ಲ. ಹಸಿರು ಅಕ್ಷರದಲ್ಲಿ ಒಂದೇ ಪದ: ‘ಕೋಡ್’.

ಮಿತ್ರರೇ, ಆ ಕಾಲದ ಎಷ್ಟೋ ಕಂಪನಿ ರೇಡಿಯೋಗಳಿಗೆ ಈ ಬೀಗ ಇತ್ತು. ಕಳ್ಳ ಕಿತ್ತುಕೊಂಡು ಹೋದರೂ ಇನ್ನೊಂದು ಕಾರಿನಲ್ಲಿ ಅದು ಹಾಡಬಾರದು ಅನ್ನುವ ಲೆಕ್ಕ. ಬ್ಯಾಟರಿ ಸಂಪರ್ಕ ತಪ್ಪಿದರೆ ಸಾಕು, ಅದಕ್ಕೆ ಮಾಲೀಕನೂ ಕಳ್ಳನೇ! ಗುಪ್ತ ಸಂಖ್ಯೆ ಒತ್ತಿದರೆ ಮಾತ್ರ ಬಾಯಿ ಬಿಡುತ್ತದೆ. ಮತ್ತೆ ಮತ್ತೆ ತಪ್ಪು ಒತ್ತಿದರೆ ಮುನಿಸಿಕೊಂಡು ಗಂಟೆಗಟ್ಟಲೆ ಬಾಗಿಲು ಹಾಕಿಕೊಳ್ಳುತ್ತದೆ. ಅಪ್ಪ ಹುಟ್ಟಿದ ವರ್ಷ ಒತ್ತಿದೆ. ಇಲ್ಲ. ನಾನು ಹುಟ್ಟಿದ ವರ್ಷ ಒತ್ತಿದೆ. ಅದೂ ಇಲ್ಲ. ಮೂರನೇ ಸಲ ಒತ್ತಲು ಕೈ ನಡುಗಿತು, ಬಿಟ್ಟೆ.

ಬೆಂಗಳೂರಿನ ಜೆ.ಸಿ. ರಸ್ತೆಗೆ ಕಾರು ತಂದೆ. ಅಂಗಡಿಯ ಹುಡುಗ ನೋಡಿದವನೇ, ‘ಅಣ್ಣಾ, ಇದನ್ನ ಕಿತ್ತು ಬಿಸಾಕಿ. ದೊಡ್ಡ ಟಚ್ ಸ್ಕ್ರೀನ್ ಹಾಕ್ಕೊಡ್ತೀನಿ, ಪಿಕ್ಚರ್ರೇ ನೋಡಬಹುದು!’ ಅಂದ. ಕಾರು ಓಡಿಸುವಾಗ ಪಿಕ್ಚರ್ ನೋಡಿದರೆ ನಮ್ಮ ಕ್ಲೈಮ್ಯಾಕ್ಸು ಏನಾಗುತ್ತೆ ಅಂತ ಹೇಳಬೇಕೇ? ನಮಸ್ಕಾರ ಹೇಳಿ ಬಂದೆ.

ಮುಂದಿನ ಶನಿವಾರ ಮಂಡ್ಯದಲ್ಲಿ ಅವ್ವನ ಮಂಚದ ಕೆಳಗಿನ ಟ್ರಂಕು ಎಳೆದೆ. ಅಪ್ಪನ ಕ್ಯಾಸೆಟ್ಟುಗಳು ಸಾಲಾಗಿ ಮಲಗಿದ್ದವು. 1983ರ ‘ಕವಿರತ್ನ ಕಾಳಿದಾಸ’ದ ಕ್ಯಾಸೆಟ್ ತೆಗೆದೆ. ಒಳಗಿನ ಕಾಗದದ ಹಿಂಬದಿಯಲ್ಲಿ, ಅಪ್ಪನ ಕೋಳಿಕಾಲು ಅಕ್ಷರದಲ್ಲಿ, ಪೆನ್ಸಿಲ್ಲಿನ ಒಂದು ಸಾಲು:

‘ರೇಡಿಯೋ 4163. ಹುಡುಗನಿಗೆ ಹೇಳಬೇಕು.’

ಎಷ್ಟು ಹೊತ್ತು ಅಲ್ಲೇ ಕೂತಿದ್ದೆನೋ ಗೊತ್ತಿಲ್ಲ. ಹೇಳಲು ಅಪ್ಪನಿಗೆ ಬಾಯಿ ಇತ್ತು, ಕೇಳಲು ನನಗೆ ಕಿವಿ ಇತ್ತು. ಒಂದೇ ಕಾರಿನಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತಿದ್ದೆವು. ಆದರೂ ನಾಲ್ಕು ಅಂಕಿ ಆ ಕಡೆಯಿಂದ ಈ ಕಡೆಗೆ ಬರಲಿಲ್ಲ...

ಹೋಗಿ ಒತ್ತಿದೆ. ನಾಲ್ಕು, ಒಂದು, ಆರು, ಮೂರು. ದೀಪ ಬೆಳಗಿತು. ಮೈಸೂರು ಆಕಾಶವಾಣಿ ಮಾತಾಡತೊಡಗಿತು!

ಅದೇ ಖುಷಿಯಲ್ಲಿ ಅಪ್ಪನ ಕ್ಯಾಸೆಟ್ ತುರುಕಿದೆ. ಅಯ್ಯೋ, ಏನು ಹೇಳಲಿ! ಅಣ್ಣಾವ್ರ ದನಿ ಜ್ವರ ಬಂದವರ ಹಾಗೆ ಎಳೆಯಿತು, ಒಮ್ಮೆ ದಪ್ಪ, ಒಮ್ಮೆ ಸಣ್ಣ. ಒಳಗಿನ ರಬ್ಬರ್ ಬೆಲ್ಟು ಜೋಲು ಬಿದ್ದಿತ್ತು. ಟೇಪು ಸುತ್ತಿಕೊಂಡು ತುಂಡಾಗುವ ಮೊದಲೇ ಹೊರಗೆ ತೆಗೆದೆ. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆ ಮೇಲೆ ಕೂತು ಹಾಡಿ, ಅಲ್ಲಿಂದ ಮುಂದೆ ತನ್ನ ಪಾತ್ರಗಳಿಗೆ ತಾನೇ ದನಿಯಾದ ನಟ ಅವರು. ‘ಜೀವನ ಚೈತ್ರ’ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. ಅಂಥವರ ದನಿಯನ್ನು ಹೀಗೆ ಕೇಳುವುದು ಪಾಪವಲ್ಲವೇ? ಉಳಿದದ್ದು ಫೋನು. ಫೋನಿನ ಹಾಡನ್ನು ಈ ಮುದುಕನ ಬಾಯಲ್ಲಿ ಹೇಳಿಸುವುದು ಹೇಗೆ?

ನಿಮ್ಮಲ್ಲಿ ಡ್ರೈವರ್‌ಗಳಿದ್ದೀರಿ, ಕ್ಲೀನರ್‌ಗಳಿದ್ದೀರಿ, ಚಿಕ್ಕಪ್ಪನ ಹಳೇ ಕಾರಿನ ಮೇಲೆ ಕಣ್ಣಿಟ್ಟವರೂ ಇದ್ದೀರಿ. ನಾನು ಪಟ್ಟ ಪಾಡು ನಿಮಗೆ ಉಪಯೋಗಕ್ಕೆ ಬರಲಿ.

ಮೊದಲನೆಯದು, ಸಿಗರೇಟ್ ಲೈಟರಿನ ಗೂಡಿಗೆ ಚುಚ್ಚುವ ಎಫ್.ಎಂ. ಟ್ರಾನ್ಸ್‌ಮಿಟರ್. ಅದು ಅಂಗೈಯಲ್ಲಿ ಹಿಡಿಸುವ ರೇಡಿಯೋ ಸ್ಟೇಷನ್. ಫೋನಿನ ಹಾಡನ್ನು ಬ್ಲೂಟೂತ್‌ನಲ್ಲಿ ಹಿಡಿದು ಎಫ್.ಎಂ. ಅಲೆಯಲ್ಲಿ ಬಿಡುತ್ತದೆ, ಕಾರಿನ ಏರಿಯಲ್ ಅದನ್ನು ಹಿಡಿಯುತ್ತದೆ. ಯಾವ ಸ್ಟೇಷನ್ನೂ ಇಲ್ಲದ ಖಾಲಿ ಜಾಗ ಹುಡುಕಿ ಎರಡನ್ನೂ ಅಲ್ಲಿಗೆ ಸೇರಿಸಬೇಕು. ಬೆಂಗಳೂರಿನಲ್ಲಿ ಖಾಲಿ ಸೈಟು ಸಿಕ್ಕೀತು, ಖಾಲಿ ಅಲೆ ಸಿಗುವುದು ಕಷ್ಟ! 101.3ರಲ್ಲಿ ರೈನ್‌ಬೋ, 102.9ರಲ್ಲಿ ವಿವಿಧ ಭಾರತಿ, ನಡುನಡುವೆ ಖಾಸಗಿಯವರು. ತಡಕಾಡಿ 88.3ರಲ್ಲಿ ನಿಲ್ಲಿಸಿದೆ. ಕೆಂಗೇರಿ ಹತ್ತಿರ ಸಿಗ್ನಲ್ಲಿನಲ್ಲಿ ನಿಂತಾಗ ಅಣ್ಣಾವ್ರ ಹಾಡಿನ ಮಧ್ಯೆ ಇದ್ದಕ್ಕಿದ್ದಂತೆ ಒಂದು ತೆಲುಗು ಡುಯೆಟ್ ನುಗ್ಗಿತು. ಪಕ್ಕಕ್ಕೆ ತಿರುಗಿದರೆ ಪಕ್ಕದ ಕಾರಿನವನೂ ಬೆಪ್ಪಾಗಿ ನನ್ನನ್ನೇ ನೋಡುತ್ತಿದ್ದಾನೆ. ಅವನ ಟ್ರಾನ್ಸ್‌ಮಿಟರೂ ಅಲ್ಲೇ! ಅವನ ಕಾರಿನಲ್ಲಿ ನಮ್ಮ ಅಣ್ಣಾವ್ರು, ನಮ್ಮ ಕಾರಿನಲ್ಲಿ ಅವನ ಹೀರೋಯಿನ್ನು. ಇಬ್ಬರೂ ನಕ್ಕೆವು. ಹಸಿರು ದೀಪ ಬಿತ್ತು, ಅವರವರ ಹಾಡು ಅವರವರಿಗೆ ವಾಪಸ್ಸು.

‘ಶೋಲೆ’ ತೆಗೆದ ರಾಮನಗರದ ಬಂಡೆಗಳ ಹತ್ತಿರ ಬರುವ ಹೊತ್ತಿಗೆ ಗಲಾಟೆ ಕಡಿಮೆಯಾಯಿತು. ಆದರೂ ಹಿಂದೆ ಒಂದು ಸಣ್ಣ ‘ಸ್ಸ್...’ ಇದ್ದೇ ಇತ್ತು. ಫೋನಿನ ವಾಲ್ಯೂಮ್ ಮುಕ್ಕಾಲಿಗಿಂತ ಮೇಲಿಟ್ಟು ರೇಡಿಯೋದ್ದು ಇಳಿಸಿದರೆ ಅದು ಸ್ವಲ್ಪ ತಗ್ಗುತ್ತದೆ. ಲಾರಿ, ಬಸ್ಸಿನವರೇ, ನಿಮ್ಮ ಗಾಡಿ ಬಹುಮಟ್ಟಿಗೆ 24 ವೋಲ್ಟಿನದು, ಕಾರು 12ರದು. ಡಬ್ಬಿಯ ಮೇಲೆ ‘12-24’ ಅಂತ ಇದೆಯೇ ನೋಡಿಯೇ ಕೊಳ್ಳಿ. ಇಲ್ಲದಿದ್ದರೆ ಹಾಡಿನ ಬದಲು ಹೊಗೆ ಬಂದೀತು!

ಎರಡನೆಯದು, ರೇಡಿಯೋ ಮುಖದಲ್ಲೋ ಬೆನ್ನಲ್ಲೋ ‘ಆಕ್ಸ್’ ತೂತು ಇದ್ದರೆ ನೇರ ವೈರು. ನಮ್ಮದರಲ್ಲಿ ಇರಲಿಲ್ಲ. ನಿಮ್ಮದರಲ್ಲಿದ್ದರೆ ಪುಣ್ಯವಂತರು. ಫೋನ್ ಚಾರ್ಜಿಗೆ ಹಾಕಿದಾಗ ಎಂಜಿನ್ ಏರಿಸಿದಂತೆಲ್ಲಾ ‘ಕುಂಯ್’ ಅಂದರೆ ಚಾರ್ಜರ್ ಕಿತ್ತು ನೋಡಿ, ನಿಂತರೂ ನಿಂತೀತು. ಕಂಪನಿ ವೈರನ್ನು ಕತ್ತರಿಸಿ ಗಂಟು ಹಾಕುವ ಶೂರತನ ಮಾತ್ರ ಬೇಡ.

ಮೂರನೆಯದು ನನ್ನನ್ನು ಗೆಲ್ಲಿಸಿದ್ದು. ಎಸ್.ಪಿ. ರಸ್ತೆಯ ಸಂದಿಯಲ್ಲಿ ಹಳೇ ರೇಡಿಯೋ ರಿಪೇರಿ ಮಾಡುವ ಒಬ್ಬ ಹಿರಿಯರು ಡ್ರಾಯರಿನಿಂದ ಬಾಲವಿರುವ ಒಂದು ಕ್ಯಾಸೆಟ್ ತೆಗೆದರು. ಆಕಾರ ಕ್ಯಾಸೆಟ್ಟಿನದೇ, ಒಳಗೆ ಟೇಪಿಲ್ಲ. ಟೇಪ್ ಇರಬೇಕಾದ ಜಾಗದಲ್ಲಿ ಒಂದು ಪುಟ್ಟ ಹೆಡ್ಡು. ಫೋನಿನ ಹಾಡು ವೈರಿನಲ್ಲಿ ಬಂದು ಆ ಹೆಡ್ಡಿನಲ್ಲಿ ಅಯಸ್ಕಾಂತದ ಅಲುಗಾಟವಾಗುತ್ತದೆ. ಎದುರಿಗಿರುವ ರೇಡಿಯೋದ ಹೆಡ್ಡು ‘ಟೇಪೇ ಓಡುತ್ತಿದೆ’ ಅಂದುಕೊಂಡು ಹಾಡುತ್ತದೆ!

‘ಬೆಲ್ಟ್ ಹೋಗಿದೆಯಲ್ಲಾ ಸಾರ್, ಇದೂ ಎಳೆಯೋದಿಲ್ವಾ?’ ಅಂದೆ.

‘ಟೇಪೇ ಇಲ್ವಲ್ಲಪ್ಪಾ, ಎಳೆಯೋಕೆ ಏನಿದೆ?’ ಅಂತ ನಕ್ಕರು. ‘ಚಕ್ರ ನಿಧಾನ ತಿರುಗಲಿ, ಜೋರು ತಿರುಗಲಿ, ಹಾಡು ಹಾಡಿನ ಪಾಡಿಗೆ. ಪೂರ್ತಿ ನಿಂತರೆ ಮಾತ್ರ ಟೇಪು ಮುಗೀತು ಅಂದ್ಕೊಂಡು ಹೊರಗೆ ಉಗಿಯುತ್ತೆ. ಡಾಲ್ಬಿ ಗುಂಡಿ ಇದ್ದರೆ ಆಫ್ ಮಾಡು, ಇಲ್ಲಾಂದ್ರೆ ದನಿ ಮಂಕಾಗುತ್ತೆ.’ ಫೋನಿನಲ್ಲಿ ಹೆಡ್‌ಫೋನ್ ತೂತಿಲ್ಲದವರು ಚಾರ್ಜರ್ ತೂತಿಗೆ ಹಾಕುವ ಸಣ್ಣ ಕೊಂಡಿಯನ್ನೂ ಕೊಳ್ಳಬೇಕು. ನಾನೂ ಕೊಂಡೆ.

ಭಾನುವಾರ ಬೆಳಿಗ್ಗೆ ಅವ್ವ ಮಲ್ಲಿಗೆ ಮುಡಿದು ಮುಂದಿನ ಸೀಟಿನಲ್ಲಿ ಕೂತಳು. ಹೊರಡುವ ಮುಂಚೆಯೇ ಹಾಡು ಸಾಲು ಮಾಡಿ ಫೋನ್ ಪಕ್ಕಕ್ಕಿಟ್ಟೆ. ಬಾಲದ ಕ್ಯಾಸೆಟ್ ಒಳಗೆ ಹೋಯಿತು. ಅಣ್ಣಾವ್ರ ದನಿ ತೊಳೆದ ಹಾಗೆ ಹೊರಗೆ ಬಂತು, ಎಳೆತವಿಲ್ಲ, ‘ಸ್ಸ್’ ಇಲ್ಲ. ಅಪ್ಪ ಹಾಕುತ್ತಿದ್ದ ಅದೇ ಹಾಡು, ಅದೇ ಸ್ಪೀಕರು.

ಶ್ರೀರಂಗಪಟ್ಟಣ ದಾಟುವವರೆಗೂ ಅವ್ವ ಮಾತಾಡಲಿಲ್ಲ. ಆಮೇಲೆ, ‘ನಿಂಗೆ ಎಲ್ಲಾ ಹೇಳ್ಕೊಡಬೇಕು ಅಂತಿದ್ರು ಕಣಪ್ಪಾ. ಬಾಯಿ ಬತ್ತಿರ್ನಿಲ್ಲ ಅವ್ರಿಗೆ’ ಅಂದಳು. ನಾನು ರಸ್ತೆಯನ್ನೇ ನೋಡುತ್ತಾ ಕಾರು ಓಡಿಸಿದೆ. ಎಲ್ಲಕ್ಕೂ ಡೈಲಾಗ್ ಇರುವುದಿಲ್ಲ, ಅಲ್ಲವೇ?

ಗೆಳೆಯರೇ, ಹಳೇ ಗಾಡಿಯ ಬ್ಯಾಟರಿ ಬಿಚ್ಚುವ ಮುಂಚೆ ರೇಡಿಯೋದ ಸಂಖ್ಯೆ ಎಲ್ಲಿ ಬರೆದಿದೆ ಹುಡುಕಿಕೊಳ್ಳಿ. ಗಾಡಿಯ ಪುಸ್ತಕದಲ್ಲಿ ಇರಬಹುದು. ಇಲ್ಲವಾದರೆ ರೇಡಿಯೋ ಮೈಮೇಲಿನ ಸೀರಿಯಲ್ ನಂಬರ್ ತಗೊಂಡು ಡೀಲರ್ ಹತ್ತಿರ ಕೇಳಿ. ಅದಕ್ಕಿಂತ ಸುಲಭದ ದಾರಿ ಇನ್ನೊಂದಿದೆ. ಅಪ್ಪ ಇದ್ದರೆ, ಇವತ್ತೇ ಅವರನ್ನು ಕೇಳಿ. ನೆಪ ರೇಡಿಯೋದೇ ಇರಲಿ!

ಅಂದ ಹಾಗೆ, ಕಾರು ಕೊಳ್ಳುವ ಗಿರಾಕಿಗೆ ‘ಮುಂದಿನ ಭಾನುವಾರ ಬನ್ನಿ’ ಅಂದಿದ್ದೇನೆ. ಹೀಗೆ ಅನ್ನುತ್ತಿರುವುದು ಇದು ನಾಲ್ಕನೇ ಭಾನುವಾರ. ಮುಹೂರ್ತದ ಗುಟ್ಟೂ ಮುಂದಿನ ವಾರವೇ. ಅದನ್ನಾದರೂ ಖಂಡಿತ ಹೇಳುತ್ತೇನೆ, ನಂಬಿ!