ನಡೆಯುವವನಿಗೂ ನಗರದಲ್ಲಿ ದಾರಿ ಬೇಕು

ಮಧುಮೇಹಕ್ಕೂ ರಕ್ತದೊತ್ತಡಕ್ಕೂ ಮದ್ದು ಬರೆದುಕೊಡುವ ವೈದ್ಯರು ಚೀಟಿಯ ಕೊನೆಗೆ ‘ನಿತ್ಯವೂ ನಡೆಯಿರಿ’ ಎಂದು ಸೇರಿಸುವುದು ವಾಡಿಕೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಿತ ವ್ಯಾಯಾಮ ಅವಶ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದರೆ ಮುಂಬಯಿಯಂಥ ಮಹಾನಗರದಲ್ಲಿ ಎಲ್ಲಿ ನಡೆಯಬೇಕೆಂಬುದನ್ನು ಯಾವ ಚೀಟಿಯೂ ತಿಳಿಸುವುದಿಲ್ಲ.

ಈ ನಗರದ ಬಹುಜನರು ಲೋಕಲ್ ರೈಲು, ಬಸ್ಸು ಮತ್ತು ತಮ್ಮ ಕಾಲುಗಳನ್ನೇ ನಂಬಿದವರು. ಆದರೂ ಯೋಜಕರ ದೃಷ್ಟಿ ಕಾರಿನ ಕಡೆಗೇ ವಾಲಿದೆ. 2009ರಲ್ಲಿ ತೆರೆದ ಬಾಂದ್ರಾ–ವರ್ಲಿ ಸೇತುವೆಯ ಮೇಲೆ ಪಾದಚಾರಿಗೆ ಪ್ರವೇಶವಿಲ್ಲ. 2024ರಿಂದ ಹಂತಹಂತವಾಗಿ ತೆರೆದ ಕರಾವಳಿ ರಸ್ತೆಯಲ್ಲಿ ದ್ವಿಚಕ್ರ ವಾಹನಕ್ಕೂ ಎಡೆಯಿಲ್ಲ. ಅದರ ಬದಿಗೆ 2025ರಲ್ಲಿ ವಿಹಾರಪಥವೊಂದು ತೆರೆಯಿತೆಂಬುದು ನಿಜ. ಆದರೆ ತರಕಾರಿಗೂ ಔಷಧಿಗೂ ಹೊರಟವರಿಗೆ ಬೇಕಾದುದು ಮನೆಯ ಮುಂದಿನ ಪಾದಪಥ. 2008ರಿಂದ ಕಟ್ಟಿದ ಸ್ಕೈವಾಕ್‌ಗಳು ನಡೆಯುವವನನ್ನು ಮೇಲಕ್ಕಟ್ಟಿ ನೆಲವನ್ನು ವಾಹನಕ್ಕೆ ಬಿಟ್ಟವು. ಮಂಡಿನೋವಿನವರು ಅಷ್ಟು ಮೆಟ್ಟಿಲು ಹತ್ತುವುದೆಂತು? 2025ರ ಮೇ ತಿಂಗಳಲ್ಲಿ ಬೆಸ್ಟ್ ಬಸ್ಸಿನ ಕನಿಷ್ಠ ದರವೂ 5 ರೂಪಾಯಿಯಿಂದ 10ಕ್ಕೇರಿತು.

ಇದರ ಹೊರೆ ಮೊದಲು ಬೀಳುವುದು ವೃದ್ಧರ ಮೇಲೆ. ಊರಿನಲ್ಲಿ ಗದ್ದೆಯ ಬದುವಿನಲ್ಲಿ, ದೇವಸ್ಥಾನದ ದಾರಿಯಲ್ಲಿ ನಡೆದೇ ಗಟ್ಟಿಯಾಗಿದ್ದ ತಾಯಿತಂದೆಯರು ಮಕ್ಕಳೊಡನೆ ಇರಲು ಇಲ್ಲಿಗೆ ಬರುತ್ತಾರೆ. ಒಡೆದ ಹಾಸುಗಲ್ಲು, ಪಾದಪಥದ ಮೇಲೆ ನಿಲ್ಲಿಸಿದ ಗಾಡಿ, ನಿಲ್ಲದೆ ಹರಿಯುವ ವಾಹನಗಳನ್ನು ಕಂಡು ಕೆಲವೇ ವಾರಗಳಲ್ಲಿ ಮನೆಯೊಳಗೆ ಉಳಿದುಬಿಡುತ್ತಾರೆ. ವೈದ್ಯರಲ್ಲಿಗೆ ಹೋಗಲೂ ಸಂಘದ ಸಭೆಗೆ ಬರಲೂ ಮಗನ ಬಿಡುವನ್ನೇ ಕಾಯಬೇಕು. ಕಾಲಿನ ಬಲದೊಡನೆ ಮನಸ್ಸಿನ ಉತ್ಸಾಹವೂ ಕುಗ್ಗುತ್ತದೆ.

ಕಾರು ಬೇಡವೆಂದು ಇದರ ಅರ್ಥವಲ್ಲ. ನಡುರಾತ್ರಿ ರೋಗಿಯನ್ನು ಆಸ್ಪತ್ರೆಗೆ ಒಯ್ಯುವಾಗ ಅದು ಉಪಕಾರಿಯೇ. ಆದರೆ ಕಾರಿಲ್ಲದವನು ಹೊರಡಲಾರದಂತೆ ಕಟ್ಟಿದ ನಗರ ನ್ಯಾಯವಾದುದಲ್ಲ. ಅಡೆತಡೆಯಿಲ್ಲದ ಪಾದಪಥ ಕನಿಷ್ಠ 1.8 ಮೀಟರ್ ಅಗಲವಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಹೇಳಿದೆ. ಪಾದಪಥದ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವೂ ಸಾರಿದೆ. ನಿಯಮಕ್ಕೆ ಕೊರತೆಯಿಲ್ಲ, ಕೇಳುವವರ ಕೊರತೆಯಿದೆ.

ವರ್ಷಕ್ಕೊಮ್ಮೆ ಆರೋಗ್ಯ ತಪಾಸಣಾ ಶಿಬಿರ ನಡೆಸುವ ಕನ್ನಡ ಸಂಘಗಳು ಈ ಕಾರ್ಯವನ್ನೂ ಕೈಗೆತ್ತಿಕೊಳ್ಳಬಹುದು. ಸಭಾಭವನದಿಂದ ಬಸ್ ನಿಲ್ದಾಣದವರೆಗಿನ ದಾರಿಯನ್ನು ಹಿರಿಯರೊಬ್ಬರ ಕೈಹಿಡಿದು ಒಮ್ಮೆ ನಡೆದು ನೋಡಿ, ಕಂಡ ಕುಂದುಗಳನ್ನು ನಗರಪಾಲಿಕೆಯ ವಾರ್ಡ್ ಕಚೇರಿಗೆ ಬರೆದು ತಿಳಿಸಲಿ. ವೈದ್ಯರ ಚೀಟಿಯ ಕೊನೆಯ ಸಾಲು ಫಲಿಸಬೇಕಾದರೆ ಮೊದಲು ದಾರಿ ಬೇಕು.