ಅಡಚಣೆಯೇ ಗುರು

ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1969ರಲ್ಲಿ ಜನಿಸಿದ ಯೂನಿಕ್ಸ್‌ನ ಪದ್ಧತಿಯಲ್ಲಿ ಇಂದು ಸಾವಿರಾರು ತಂತ್ರಾಂಶಗಳಿವೆ. ಅವನ್ನು, 2001ರಲ್ಲಿ ಆರಂಭವಾದ ‘ಹೈಕು’ ಎಂಬ ವಿರಳ ಬಳಕೆಯ ಕಾರ್ಯವ್ಯವಸ್ಥೆಯಲ್ಲಿ ಸ್ಥಾಪಿಸಹೊರಟವರಿಗೆ ಅಡಚಣೆಗಳು ಒದಗುವುದುಂಟು. ತಂತ್ರಾಂಶವು ತನ್ನ ಸಹಾಯಕ ಕಡತಗಳನ್ನು ‘ಯುಎಸ್‌ಆರ್’ ಕೋಶದಲ್ಲಿ ಅರಸುತ್ತದೆ. ಹೈಕುವಿನಲ್ಲಿ ಅವು ‘ಸಿಸ್ಟಮ್’ ಕೋಶದಲ್ಲಿರುತ್ತವೆ. ಡೊಂಬಿವಲಿಗೆ ಹೊಸದಾಗಿ ಬಂದವನು ತನ್ನೂರಿನ ವಿಳಾಸ ಹಿಡಿದು ಮನೆ ಹುಡುಕಿದಂತೆಯೇ ಇದು!

ಎಲ್ಲರೂ ಬಳಸುವುದನ್ನೇ ಬಳಸಿರೆಂಬ ಸಲಹೆ ಸುಲಭವಾದುದು; ಆದರೆ ಅದರಿಂದ ಯಂತ್ರದ ಅಂತರಂಗ ತಿಳಿಯದು. ದೋಷಸೂಚನೆಯನ್ನು ಪೂರ್ತಿ ಓದಿ ದಾರಿಯನ್ನು ತಿದ್ದಿದವನಿಗೆ ಮಾತ್ರ ಅದು ತಿಳಿಯುತ್ತದೆ. ಸ್ವಯಂಸೇವಕರು ಇಂತಹ ತಿದ್ದುಪಡಿಗಳನ್ನು ‘ಹೈಕುಪೋರ್ಟ್ಸ್’ ಸಂಗ್ರಹದಲ್ಲಿ ಬರೆದಿಟ್ಟು ಇತರರ ಶ್ರಮವನ್ನು ಉಳಿಸಿದ್ದಾರೆ.

ವಿದ್ಯಾರ್ಥಿಮಿತ್ರರೇ, ನಾವೂ ಕಂಡುಕೊಂಡ ಪರಿಹಾರವನ್ನು ಕನ್ನಡದಲ್ಲಿ ಬರೆದಿಡೋಣ. ಥಾಣೆಯಲ್ಲಿ ಒಬ್ಬನು ಬಿಡಿಸಿದ ಗಂಟಿಗಾಗಿ ಕಲ್ಯಾಣದಲ್ಲಿ ಇನ್ನೊಬ್ಬನು ಮತ್ತೆ ಬಳಲಬಾರದು. ಬರೆದಿಡದ ವಿದ್ಯೆ ಒಬ್ಬನಲ್ಲಿಯೇ ಉಳಿಯುತ್ತದೆ.